ಪ್ರತಿ ಬೂಟಿಗೂ ಮ್ಯಾಕ್ ಅಡ್ರೆಸ್ ಬದಲಾಗೋದು ಯಾಕ?

ಹುಬ್ಬಳ್ಳಿ ವಿದ್ಯಾನಗರದ ನಿಮ್ಮ ಲ್ಯಾಬಿನ್ಯಾಗ ಬೋರ್ಡು ಬೂಟ್ ಆದಾಗೊಮ್ಮೆ ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕಿನ್ಯಾಗ ಬೋರ್ಡಿನ ಗುರುತಿನ ವಿಳಾಸ) ತಗೊಳ್ತದ, ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರ ಹೇಳೋ ಫೈಲ್) ಒಳಗ ಬರದದ್ದನ್ನ ಲಿನಕ್ಸ್ ಓದವಲ್ತು ಅಂತ ಕೇಳೀರಿ. ನೀವು ಹಾಕಿದ ಸಾಲಿನ್ಯಾಗ ತಪ್ಪು ಕಾಣ್ತದ ನೋಡ್ರಿ: ಲೋಕಲ್-ಮ್ಯಾಕ್-ಅಡ್ರೆಸ್ ಮುಂದಿನ ವಿಳಾಸನ ಉದ್ಧರಣ ಚಿಹ್ನೆಯೊಳಗ ಬರದೀರಿ. ಹಂಗ ಬರದ್ರ ಅದು 18 ಬೈಟಿನ ಸ್ಟ್ರಿಂಗ್ ಆಗ್ತದ, 17 ಅಕ್ಷರ ಮತ್ತ ಕೊನೀ ಸೊನ್ನೆ. ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಬೇಕಾದದ್ದು ಬರೋಬರಿ 6 ಬೈಟ್. ಉದ್ದ ಹೊಂದಲಿಲ್ಲಂದ್ರ ಸುಮ್ಮನ ಬಿಟ್ಟು ಮುಂದ ಹೋಗ್ತದ, ಆಮ್ಯಾಲ ಡ್ರೈವರ್ ರ‍್ಯಾಂಡಮ್ ವಿಳಾಸ ಹಾಕ್ತದ. ಕೋನ ಆವರಣನೂ (< >) ನಡಿಯಂಗಿಲ್ಲ, ಒಂದೊಂದು ಸಂಖ್ಯೆಗೆ 4 ಬೈಟ್ ಹಿಡದು 24 ಆಗ್ತದ. ಚೌಕ ಆವರಣದೊಳಗ ಕೋಲನ್ ಇಲ್ಲದ ಆರು ಹೆಕ್ಸ್ ಜೋಡಿ ಬರೀರಿ: [02 00 00 00 00 01]. ಮೊದಲನೇ ಬೈಟ್ ಬೆಸ ಇರಬಾರದು, ಅದು ಮಲ್ಟಿಕಾಸ್ಟ್ (ಒಂದು ಗುಂಪಿನ ವಿಳಾಸ) ಆಗ್ತದ.

ಬೂಟ್ ಆದಮ್ಯಾಲ /ಪ್ರೊಕ್/ಡಿವೈಸ್-ಟ್ರೀ ಕೆಳಗ ಲೋಕಲ್-ಮ್ಯಾಕ್-ಅಡ್ರೆಸ್ ಫೈಲಿಗೆ, ಬೈಟುಗಳನ್ನ ತೋರಸೋ ಕಮಾಂಡ್ ಹೆಕ್ಸ್‌ಡಂಪ್ ಕೊಡ್ರಿ. ಅಲ್ಲೇ ಬ್ಯಾರೆ ವಿಳಾಸ ಕಂಡ್ರ ಯು-ಬೂಟ್ (ಲಿನಕ್ಸಿಗಿಂತ ಮೊದಲು ಓಡಿ ಅದನ್ನ ಚಾಲೂ ಮಾಡೋ ಪ್ರೋಗ್ರಾಮ್) ತನ್ನ ಈತ್‌ಅಡ್ರ್ ಅನ್ನೋ ಸೆಟ್ಟಿಂಗಿನ ವಿಳಾಸನ ಅದರ ಮ್ಯಾಲ ಬರದಿರ್ತದ. ಫೈಲ್ ಸರಿ ಇದ್ದೂ ವಿಳಾಸ ಬ್ಯಾರೆ ಬಂದ್ರ, ಡಿವೈಸ್ ಟ್ರೀಯೊಳಗ ಆ ನೆಟ್‌ವರ್ಕ್ ಭಾಗದ ವಿವರ ಇರೋ ಅದೇ ನೋಡ್‌ನ್ಯಾಗ ಬರೀ ಮ್ಯಾಕ್-ಅಡ್ರೆಸ್ ಅನ್ನೋ ಪ್ರಾಪರ್ಟಿ ಐತೇನು ಹುಡುಕ್ರಿ. ಕರ್ನಲ್ ಮೊದಲು ಅದನ್ನೇ ಓದ್ತದ.

ಮುಂದ ಇಇಪ್ರಾಮ್‌ನಿಂದ (ಕರೆಂಟ್ ಹೋದ್ರೂ ಮರೀದ ಸಣ್ಣ ಮೆಮೊರಿ ಚಿಪ್) ವಿಳಾಸ ಓದೋದಿದ್ರ, ಅದರ ಡ್ರೈವರ್ ಏಳೂತನಕ ಪ್ರೋಬ್-ಡಿಫರ್ (ಈಗ ಆಗಂಗಿಲ್ಲ, ಆಮ್ಯಾಲ ಮತ್ತ ನೋಡು ಅನ್ನೋ) ಎರರ್ ಬರ್ತದ. ಅದನ್ನ ನುಂಗಬ್ಯಾಡ್ರಿ, ನೆಟ್‌ವರ್ಕ್ ಡ್ರೈವರ್ ಚಾಲೂ ಮಾಡೋ ಫಂಕ್ಷನ್ ಆದ ಪ್ರೋಬ್‌ನಿಂದ ಹಂಗ ವಾಪಸ್ ಕಳಸ್ರಿ.