ಮಟ್ಟುಗುಳ್ಳಕ್ಕೆ ಟ್ಯಾಗ್ ಇದ್ರೂ ಡೂಪ್ಲಿಕೇಟ್ ಯಾಕೆ ಬರುತ್ತೆ?

ಪ್ರಶ್ನೆ: ನಮ್ಮತ್ತೆಯವರ ಊರು ಉಡುಪಿ ಕಡೆ, ನಾವಿರೋದು ಬೆಂಗಳೂರಲ್ಲಿ. ಹೋದ ವಾರ ಇಲ್ಲೊಂದು ಅಂಗಡಿಲಿ ಮಟ್ಟುಗುಳ್ಳ ಬದನೆ ಅಂತ ಡಬಲ್ ರೇಟ್ ತಗೊಂಡ್ರು, ಕೊದ್ದೆಲ್ (ನಮ್ಮ ಕಡೆ ಹುಳಿ) ಮಾಡಿದ್ರೆ ಸಿಪ್ಪೆ ರಬ್ಬರ್ ಥರ, ಬಾಯ್ತುಂಬಾ ಬೀಜ. ಅತ್ತೆ ಒಂದು ತುತ್ತು ತಿಂದು "ಇದು ಗುಳ್ಳನೇ ಅಲ್ಲ" ಅಂದ್ಬಿಟ್ರು. ಜಿಐ ಟ್ಯಾಗ್, ಅಂದ್ರೆ ಇಂಥ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಇದೆಯಲ್ವಾ, ಹೀಗೆ ಮಾರೋಕೆ ಬಿಡ್ತಾರಾ? ಬೀಜ ತಂದು ಬೇರೆ ಕಡೆ ಬೆಳೆದ್ರೆ ತಪ್ಪಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮತ್ತೆಯವರ ನಾಲಿಗೆ ನಂಬಿ. ಮಟ್ಟುಗುಳ್ಳದ ಸಿಪ್ಪೆ ತೆಳು, ತೊಟ್ಟಲ್ಲಿ ಮುಳ್ಳು ಇರುತ್ತೆ, ತಿಳಿಹಸಿರು ಮೈಮೇಲೆ ಬಿಳಿ ಗೆರೆ, ಹುಳಿಯಲ್ಲಿ ಬೆಂದ್ರೆ ಬೆಣ್ಣೆ ಥರ ಆಗ್ಬೇಕು. ಕಟಪಾಡಿ ಹತ್ರದ ಮಟ್ಟು, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹೊಳೆ, ಅಲ್ಲಿನ ಮಣ್ಣೇ ಬೇರೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಊರವರು ಇವತ್ತಿಗೂ ಹೇಳ್ತಾರೆ.

ಇನ್ನು ಕಾನೂನು. ಜಿಐ ಕಾಯ್ದೆ 1999ರದ್ದು, ಜಾರಿಗೆ ಬಂದಿದ್ದು 2003ರ ಸೆಪ್ಟೆಂಬರ್‌ನಲ್ಲಿ, ರಿಜಿಸ್ಟ್ರಿ ಆಫೀಸು ಚೆನ್ನೈನಲ್ಲಿದೆ. ಎಲ್ಲರೂ ತಪ್ಪು ತಿಳ್ಕೊಳ್ಳೋದು ಇಲ್ಲೇ, ಟ್ಯಾಗ್ ಕಾಯೋದು ಹೆಸರನ್ನ, ಬೀಜವನ್ನಲ್ಲ. ಬೀಜ ತಂದು ನೀವು ತುಮಕೂರಲ್ಲಿ ಬೆಳೆದ್ರೆ ಈ ಕಾಯ್ದೆ ಏನೂ ಕೇಳಲ್ಲ, ಆದ್ರೆ ಅದನ್ನ ಮಟ್ಟುಗುಳ್ಳ ಅಂತ ಮಾರಂಗಿಲ್ಲ. ಟ್ಯಾಗ್ ಒಬ್ಬರ ಆಸ್ತಿನೂ ಅಲ್ಲ, ಬೆಳೆಗಾರರ ಪರವಾಗಿ ಸಂಘವೋ ಇಲಾಖೆಯೋ ಅರ್ಜಿ ಹಾಕಿರುತ್ತೆ, ಆಮೇಲೆ ಒಬ್ಬೊಬ್ಬ ರೈತನೂ ಅಧಿಕೃತ ಬಳಕೆದಾರ ಅಂತ ಬೇರೆ ನೋಂದಣಿ ಮಾಡಿಸ್ಕೋಬೇಕು, ಅದೂ 10 ವರ್ಷಕ್ಕೊಮ್ಮೆ ನವೀಕರಣ. ಹೊಲ ಬಿಟ್ಟು ಫಾರ್ಮ್ ತುಂಬ್ಕೊಂಡು ಓಡಾಡೋಕೆ ಯಾರಿಗೆ ಪುರುಸೊತ್ತಿದೆ ಹೇಳಿ!

ಕಳ್ಳ ಹೆಸರಲ್ಲಿ ಮಾರಿದ್ರೆ ಅದು ಅಪರಾಧನೇ. ಆದ್ರೆ ಮಾಲು ಜಪ್ತಿ ಮಾಡೋಕೆ ಡಿವೈಎಸ್ಪಿ ದರ್ಜೆಯ ಅಧಿಕಾರಿ ಬೇಕು, ಅವರೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ತರಿಸ್ಕೋಬೇಕು, ಅಷ್ಟರಲ್ಲಿ ಬದನೆ ಕೊಳೆತೇ ಹೋಗಿರುತ್ತೆ. ಡಾರ್ಜಿಲಿಂಗ್ ಚಹಾಕ್ಕಾದ್ರೆ ಹಿಂದೆ ಟೀ ಬೋರ್ಡ್ ಇದೆ, ಕೋರ್ಟಿಗೆ ಹೋಗುತ್ತೆ. ಮಟ್ಟುವಿನ ರೈತರಿಗೆ ಅಂಥ ಬೆನ್ನೆಲುಬು ಸರ್ಕಾರ ಕೊಡ್ಬೇಕಿತ್ತು, ಟ್ಯಾಗ್ ಕೊಡ್ಸಿ ಫೋಟೊ ತೆಗೆಸ್ಕೊಂಡ್ರೆ ಸಾಕಾ? ಅದಕ್ಕೇ ಬೆಳೆಗಾರರು ತಾವೇ ಕಾಯಿಗೆ ಸ್ಟಿಕರ್ ಅಂಟಿಸಿ ಮಾರೋಕೆ ಶುರು ಮಾಡಿದ್ದು.

ಮುಂದಿನ ಸಲ ಅಂಗಡಿಯವರ ಹತ್ರ ಸ್ಟಿಕರ್ ಎಲ್ಲಿ ಅಂತ ಕೇಳಿ, ಊರಿಗೆ ಹೋದಾಗ ಕಟಪಾಡಿ ಕಡೆಯಿಂದ ಒಂದು ಚೀಲ ತನ್ನಿ, ಅತ್ತೆಯವರೂ ಖುಷಿಯಾಗ್ತಾರೆ.