ಫೋಟೊಗ್ರಫಿ ಸುಲಭದ ವಿಷಯವೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. ಜಿಸಿಎಸ್‌ಇ (ಹದಿನಾರನೇ ವಯಸ್ಸಿನ ಹೊತ್ತಿನ ಶಾಲಾ ಪರೀಕ್ಷೆ) ಮುಗಿಸಿರುವ ಮಗಳು ಎ-ಲೆವೆಲ್‌ಗೆ (ವಿಶ್ವವಿದ್ಯಾಲಯಕ್ಕೆ ಮುಂಚಿನ ಎರಡು ವರ್ಷದ ಓದು) ಗಣಿತ, ಭೌತವಿಜ್ಞಾನದ ಜೊತೆ ಫೋಟೊಗ್ರಫಿಯೇ ಬೇಕೆಂದು ಹಟ ಹಿಡಿದಿದ್ದಾಳೆ. ಮುಂದೆ ವಾಸ್ತುಶಿಲ್ಪ ಓದುವ ಆಸೆ ಅವಳದು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಫೋಟೊ ತೆಗೆಯುವುದನ್ನು ಎರಡು ವರ್ಷ ಓದುವುದೇನಿದೆ? ದುಬಾರಿ ಕ್ಯಾಮೆರಾ ಕೊಡಿಸಬೇಕೇ?

ಉತ್ತರ: ಸುಲಭದ ವಿಷಯವೆಂಬ ಎಣಿಕೆಯನ್ನು ಮೊದಲು ಬಿಡಿ. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮವನ್ನೇ ನೋಡೋಣ. ಅದರಲ್ಲಿ ಮೂರು ಗಂಟೆ ಕುಳಿತು ಉತ್ತರ ಬರೆಯುವ ಪರೀಕ್ಷೆಯೇ ಇಲ್ಲ. ಶೇ 60ರಷ್ಟು ಅಂಕ ವಿದ್ಯಾರ್ಥಿಯೇ ಆರಿಸಿಕೊಂಡ ವಿಷಯದ ದೀರ್ಘ ಅನ್ವೇಷಣೆಗೆ. ಅದರ ಜೊತೆ 1000ದಿಂದ 3000 ಪದಗಳ ಬರಹವೂ ಇರಬೇಕು. ಉಳಿದ ಶೇ 40 ಮಂಡಳಿ ಕೊಡುವ ವಿಷಯಗಳಲ್ಲಿ ಒಂದಕ್ಕೆ. ಪ್ರಶ್ನೆಗಳು ಫೆಬ್ರುವರಿಯಲ್ಲಿ ಕೈಸೇರುತ್ತವೆ, ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ, ಕೊನೆಗೆ ಮೇಲ್ವಿಚಾರಣೆಯಲ್ಲಿ 15 ಗಂಟೆಗಳ ಕೆಲಸ.

ಪೋಷಕರು ಎಡವುವುದು ಅಂಕ ಹಂಚುವ ಬಗೆಯಲ್ಲಿ. ಆಲೋಚನೆಯನ್ನು ಬೆಳೆಸಿದ ರೀತಿ, ಪ್ರಯೋಗ, ಕಂಡದ್ದನ್ನು ದಾಖಲಿಸಿದ ಬಗೆ, ಅಂತಿಮ ಚಿತ್ರಗಳು: ಈ ನಾಲ್ಕಕ್ಕೂ ಸಮಾನ ತೂಕ. ಗೋಡೆಗೆ ತೂಗುಹಾಕುವಂಥ ಚಿತ್ರ ತೆಗೆದರೂ ಅದರ ಹಿಂದಿನ ದಾರಿ ಕೆಲಸದ ಪುಸ್ತಕದ ಪುಟಗಳಲ್ಲಿ ಕಾಣದಿದ್ದರೆ ಹೆಚ್ಚು ಅಂಕ ಬರುವುದಿಲ್ಲ. ಕೆಟ್ಟು ಹೋದ ಚಿತ್ರವನ್ನೂ ಅಂಟಿಸಿ, ಅದು ಏಕೆ ಕೆಟ್ಟಿತು, ಮರುದಿನ ಶಟರ್ ವೇಗವನ್ನು (ಬೆಳಕನ್ನು ಎಷ್ಟು ಹೊತ್ತು ಒಳಬಿಡಬೇಕೆಂಬುದು) ಎಷ್ಟು ಬದಲಿಸಿದೆ ಎಂದು ಬರೆಯಬೇಕು. ಇದು ಸಮಯ ತಿನ್ನುವ ಕೆಲಸ. ಗಣಿತದ ಲೆಕ್ಕಗಳನ್ನು ಭಾನುವಾರ ಕುಳಿತು ಮುಗಿಸಿಬಿಡಬಹುದು, ಇದನ್ನು ಹಾಗೆ ಮುಗಿಸಲಾಗದು.

ಕ್ಯಾಮೆರಾ ಕೊಳ್ಳುವ ಮುನ್ನ ಶಾಲೆ ಎರವಲು ಕೊಡುತ್ತದೆಯೇ ಎಂದು ಕೇಳಿ. ಕೊಳ್ಳಲೇಬೇಕೆಂದರೆ, ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಗಲ), ಶಟರ್ ವೇಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಮೂರನ್ನೂ ಕೈಯಿಂದಲೇ ಹೊಂದಿಸಬಹುದಾದ ಹಳೆಯ ಡಿಎಸ್ಎಲ್ಆರ್ ಸಾಕು.

ವಾಸ್ತುಶಿಲ್ಪಕ್ಕೆ ಈ ಆಯ್ಕೆ ಅಡ್ಡಿಯಲ್ಲ, ನನ್ನನ್ನು ಕೇಳಿದರೆ ಅನುಕೂಲವೇ. ಹಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಕೆಲಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊ ಕೇಳುತ್ತವೆ. ಆದರೆ ಅದರಲ್ಲಿ ಫೋಟೊಗಳಷ್ಟೇ ಇದ್ದರೆ ಬಡವಾಗಿ ಕಾಣುತ್ತದೆ. ಪೆನ್ಸಿಲ್ ಹಿಡಿದು ಚಿತ್ರ ಬರೆಯುವ ಅಭ್ಯಾಸವನ್ನು ಮಗಳು ಈಗಲೇ ಶುರುಮಾಡಲಿ. ವಿಶ್ವವಿದ್ಯಾಲಯ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆಯ ಲೆಕ್ಕದಲ್ಲಿ ಎ ಗ್ರೇಡ್‌ಗೆ ಗಣಿತದಲ್ಲೂ 48 ಅಂಕ, ಫೋಟೊಗ್ರಫಿಯಲ್ಲೂ 48 ಅಂಕ. ಆದರೂ ಯಾವ ವಿಷಯ ಕಡ್ಡಾಯ ಎಂಬುದನ್ನು ಪ್ರತಿ ವಿಶ್ವವಿದ್ಯಾಲಯದ ಷರತ್ತಿನಲ್ಲೇ ಓದಿಕೊಳ್ಳಿ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಎ-ಲೆವೆಲ್ ಫೋಟೊಗ್ರಫಿ ಓದುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗ ಹಂಪಿಯಲ್ಲಿ 400 ಫೋಟೊ ತೆಗೆದೆ. ‘ಸುಂದರವಾಗಿವೆ, ಆದರೆ ಏನು ಹುಡುಕುತ್ತಿದ್ದೀಯ?’ ಎಂದರು ಶಿಕ್ಷಕರು. ನಾನು ಮಾಡಿದ ತಪ್ಪೇನು?

ಉತ್ತರ: ಶಿಕ್ಷಕರು ಸರಿಯಾಗಿಯೇ ಕೇಳಿದ್ದಾರೆ. ಕಲ್ಲಿನ ರಥದ ಮುಂದೆ ನಿಂತು ಎಲ್ಲರೂ ತೆಗೆಯುವ ಚಿತ್ರವನ್ನೇ ನೀವೂ ತೆಗೆದಿರಬಹುದು. ಮೈಸೂರಿನವರಾದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಅವರ ಕಣ್ಣು ಹೋಗುತ್ತಿದ್ದದ್ದು ಸಾಮಾನ್ಯ ಜನರ ಕಡೆಗೆ. ಈಗ ನಿಮ್ಮ 400ರಲ್ಲಿ ಸ್ಮಾರಕದ ಪಕ್ಕದಲ್ಲಿ ಯಾರಾದರೂ ಎಳನೀರು ಮಾರುತ್ತಿದ್ದಾರೆಯೇ, ನೆರಳಿನಲ್ಲಿ ನಿದ್ದೆ ಹೋಗಿದ್ದಾರೆಯೇ ಎಂದು ಹುಡುಕಿ. ಅಂಥ ಹತ್ತು ಚಿತ್ರಗಳು ಸಿಕ್ಕರೆ, ಇದೇ ಪ್ರಶ್ನೆ ಹಿಡಿದು ನೀವು ಈಗಿರುವ ಊರಿನ ಹಳೆಯ ಚರ್ಚಿನ ಅಂಗಳಕ್ಕೆ ಒಂದು ಶನಿವಾರ ಹೋಗಿಬನ್ನಿ. ಎರಡನ್ನೂ ಎದುರುಬದುರು ಪುಟಗಳಲ್ಲಿ ಅಂಟಿಸಿ ಶಿಕ್ಷಕರಿಗೆ ತೋರಿಸಿ.