ಧಕ್ಕೆ ಯಾರದು, ದೂರು ಯಾರಿಗೆ?

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಬಾರಿ ಕರಾವಳಿಯ ಸಣ್ಣ ಪಟ್ಟಣಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೀನುಗಾರಿಕಾ ಧಕ್ಕೆಗೂ (ದೋಣಿಗಳು ಬಂದು ನಿಲ್ಲುವ ಕಟ್ಟೆ, ಅಂದರೆ ಜೆಟ್ಟಿ) ಪುರಸಭೆಗೂ ಸಂಬಂಧಿಸಿದವು. ಒಂದೇ ವಿಷಯದವುಗಳನ್ನು ಒಟ್ಟಿಗೆ ಸೇರಿಸಿ, ಊರು ಮತ್ತು ಕಚೇರಿಗಳ ಗುರುತನ್ನು ಬಿಟ್ಟು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಹೊಳೆ ಸಮುದ್ರವನ್ನು ಸೇರುವ ಕಡೆ ಇರುವ ಪುರಸಭೆಯ ಊರು. ಇಲ್ಲಿನ ಧಕ್ಕೆಯ ಅಂಚಿನ ಕಾಂಕ್ರೀಟು ಒಡೆದು ಕಬ್ಬಿಣದ ಸರಳುಗಳು ಹೊರಗೆ ಚಾಚಿಕೊಂಡಿವೆ. ಕೊನೆಯ ದೀಪದ ಕಂಬಗಳಲ್ಲಿ ಬೆಳಕಿಲ್ಲ. ಪುರಸಭೆಯಲ್ಲಿ ಕೇಳಿದರೆ ಮೀನುಗಾರಿಕೆ ಇಲಾಖೆಗೆ ಹೋಗಿ ಎನ್ನುತ್ತಾರೆ, ಅಲ್ಲಿ ಕೇಳಿದರೆ ಬಂದರು ಇಲಾಖೆ ಎನ್ನುತ್ತಾರೆ, ಅವರು ನಮ್ಮನ್ನು ಮತ್ತೆ ಪುರಸಭೆಗೇ ಕಳಿಸುತ್ತಾರೆ. ನಾವು ಯಾರನ್ನು ಹಿಡಿಯಬೇಕು?
– ಓದುಗರು, ಉತ್ತರ ಕನ್ನಡ ಜಿಲ್ಲೆ

ಉತ್ತರ: ಈ ಅಲೆದಾಟಕ್ಕೆ ಅಧಿಕಾರಿಗಳ ಉದಾಸೀನ ಒಂದು ಕಾರಣವಾದರೆ, ಕಾನೂನಿನ ಹಂಚಿಕೆ ಇನ್ನೊಂದು ಕಾರಣ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿಸಲಾದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ, ನೀರು, ನೈರ್ಮಲ್ಯ, ಬೀದಿದೀಪ, ಕಸಾಯಿಖಾನೆ ಎಲ್ಲವೂ ಅದರಲ್ಲಿವೆ, ಮೀನುಗಾರಿಕೆ ಇಲ್ಲ. ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ ಮಾತ್ರ ಮೀನುಗಾರಿಕೆಗೆ ಸ್ಥಾನ ಸಿಕ್ಕಿದೆ. ಅಂದರೆ ಮೀನುಗಾರರ ಊರು ಬೆಳೆದು ಪಟ್ಟಣವಾದಾಗ, ಆ ಊರಿನ ಮುಖ್ಯ ಕಸುಬು ಅದರ ಆಡಳಿತ ಸಂಸ್ಥೆಯ ಪಟ್ಟಿಯಿಂದಲೇ ಹೊರಗುಳಿಯುತ್ತದೆ. ಪಟ್ಟಿ ಮಾಡಿದವರ ಕಣ್ಣಿಗೆ ಪಟ್ಟಣವೆಂದರೆ ಒಳನಾಡಿನ ಪಟ್ಟಣವೇ ಆಗಿತ್ತೇನೋ ಎಂಬ ಅನುಮಾನ ನಮಗಿದೆ.

ರಾಜ್ಯ ಮಟ್ಟದಲ್ಲಿಯೂ ಹೊಣೆ ಒಂದೇ ಕಡೆ ಇಲ್ಲ. ದೋಣಿಗಳ ಪರವಾನಗಿ ಮತ್ತು ಮೀನು ಹಿಡಿಯುವುದರ ನಿಯಂತ್ರಣ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ ಮೀನುಗಾರಿಕೆ ಇಲಾಖೆಗೆ ಸೇರಿದ್ದು. ಬಂದರು ಪ್ರದೇಶದ ಜಾಗ, ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಹೂಳೆತ್ತುವ ಕೆಲಸ ಮತ್ತು ಹಲವು ಜೆಟ್ಟಿಗಳ ನಿರ್ಮಾಣ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೈಯಲ್ಲಿವೆ. 2015ರ ಕಾಯ್ದೆಯಡಿ ರಚನೆಯಾದ, ರಾಜ್ಯದ ಬಂದರುಗಳನ್ನು ನೋಡಿಕೊಳ್ಳುವ ಮಾರಿಟೈಮ್ ಬೋರ್ಡು ಇದರ ಜೊತೆಗೆ ಸೇರಿಕೊಂಡಿದೆ. ಕೆಲವು ಕಡೆ ದೈನಂದಿನ ನಿರ್ವಹಣೆಯನ್ನು ಮೀನುಗಾರರ ಸಂಘಗಳಿಗೆ ಬಿಟ್ಟುಕೊಟ್ಟಿರುವುದೂ ಉಂಟು.

ಆದ್ದರಿಂದ ಬಾಯಿಮಾತಿನಲ್ಲಿ ಕೇಳುವುದನ್ನು ಇಲ್ಲಿಗೆ ನಿಲ್ಲಿಸಿ, ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಪುರಸಭೆಗೇ ಒಂದು ಅರ್ಜಿ ಹಾಕಿ. ಆ ಕಾಯ್ದೆಯ 6(3)ನೇ ಪ್ರಕರಣದಂತೆ, ಕೇಳಿದ ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿ ಪಡೆದ ಕಚೇರಿಯೇ 5 ದಿನಗಳೊಳಗೆ ಅದನ್ನು ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. "ಅಲ್ಲಿಗೆ ಹೋಗಿ" ಎಂದು ನಿಮ್ಮನ್ನು ಅಟ್ಟುವಂತಿಲ್ಲ, ನಡೆಯಬೇಕಾದದ್ದು ಅರ್ಜಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದಗಳನ್ನು ಮೀರಬಾರದು. ಹೀಗಾಗಿ ದೂರಿನ ಇತಿಹಾಸವನ್ನು ಬರೆಯದೆ ಮೂರು ದಾಖಲೆಗಳನ್ನಷ್ಟೇ ಕೇಳಿ: ಧಕ್ಕೆಯ ಕಾಮಗಾರಿ ಮುಗಿದ ಮೇಲೆ ಅದನ್ನು ಯಾರು ಯಾರಿಗೆ ವಹಿಸಿಕೊಟ್ಟರು ಎಂಬ ಹಸ್ತಾಂತರ ಪತ್ರ, ಅದು ಯಾವ ಕಚೇರಿಯ ಆಸ್ತಿ ವಹಿಯಲ್ಲಿ ನಮೂದಾಗಿದೆ ಎಂಬುದರ ಪ್ರತಿ, ಮತ್ತು ಗುತ್ತಿಗೆದಾರರು ದೋಷಗಳನ್ನು ಸರಿಪಡಿಸಿಕೊಡಬೇಕಾದ ಅವಧಿ ಯಾವಾಗ ಮುಗಿಯುತ್ತದೆ ಎಂಬ ಕರಾರಿನ ಪುಟ. ಆ ಅವಧಿ ಇನ್ನೂ ಮುಗಿದಿಲ್ಲವಾದರೆ ಒಡೆದ ಅಂಚಿನ ದುರಸ್ತಿಗೆ ಯಾವ ಕಚೇರಿಯೂ ಹೊಸ ಅನುದಾನಕ್ಕಾಗಿ ಕಾಯಬೇಕಾಗಿಲ್ಲ.

ದೀಪದ ವಿಷಯದಲ್ಲಿ ಇನ್ನೂ ಸುಲಭದ ದಾರಿ ಇದೆ. ಧಕ್ಕೆಯ ಮೀಟರ್ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರುತ್ತದೆ. ಅದನ್ನು ಗುರುತು ಹಾಕಿಕೊಂಡು ವಿದ್ಯುತ್ ಪೂರೈಸುವ ಹೆಸ್ಕಾಂನ ನಿಮ್ಮ ಉಪವಿಭಾಗದಲ್ಲಿ ವಿಚಾರಿಸಿದರೆ ಬಿಲ್ಲು ಯಾರ ಹೆಸರಿಗೆ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಬಿಲ್ಲು ಕಟ್ಟುವವರೇ ಬಲ್ಬು ಹಾಕಬೇಕಾದವರು ಎಂದು ವಾದಿಸಲು ಅಷ್ಟು ಸಾಕು. ಉತ್ತರ ಬರುವವರೆಗೆ ಸರಳು ಚಾಚಿದ ಜಾಗಕ್ಕೆ ಅಡ್ಡಗಟ್ಟಿ ಕೆಂಪು ಬಟ್ಟೆ ಕಟ್ಟಿಸುವಂತೆ ಮೂರೂ ಕಚೇರಿಗಳಿಗೆ ಒಂದೇ ಪತ್ರವನ್ನು ಬರೆದು ಸ್ವೀಕೃತಿ ಪಡೆಯಿರಿ. ನಾಳೆ ಯಾರಾದರೂ ಬಿದ್ದು ಪೆಟ್ಟಾದರೆ, ಮುನ್ನೆಚ್ಚರಿಕೆ ಕೊಡಲಾಗಿತ್ತು ಎಂಬುದಕ್ಕೆ ಆ ಸ್ವೀಕೃತಿಯೇ ಆಧಾರ.

ಪ್ರಶ್ನೆ: ಧಕ್ಕೆಯ ಪಕ್ಕದ ಚರಂಡಿಯಲ್ಲಿ ಮೀನಿನ ನೀರು ನಿಂತು ಗಬ್ಬು ನಾರುತ್ತದೆ. ಐಸ್ ಕರಗಿದ ನೀರನ್ನು ಲಾರಿಗಳು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುತ್ತವೆ. ಮಳೆಗಾಲದಲ್ಲಿ ಬೋಟುಗಳೆಲ್ಲ ಬಂದು ಒತ್ತೊತ್ತಾಗಿ ನಿಂತಾಗ ಹರಿದ ಬಲೆ, ಡೀಸೆಲ್ ಡಬ್ಬಿ, ಥರ್ಮಾಕೋಲು ರಾಶಿ ಬೀಳುತ್ತವೆ. "ಧಕ್ಕೆ ನಮ್ಮದಲ್ಲ, ಗುಡಿಸುವುದಿಲ್ಲ" ಎಂದು ಪುರಸಭೆ ಹೇಳುವುದು ಸರಿಯೇ?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ಸರಿಯಲ್ಲ. ಮಾಲೀಕತ್ವ ಬೇರೆ, ಗುಡಿಸುವ ಹೊಣೆ ಬೇರೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಪ್ರಕರಣ ಪುರಸಭೆಯ ಕಡ್ಡಾಯ ಕರ್ತವ್ಯಗಳನ್ನು ಹೇಳುವಾಗ, ಖಾಸಗಿ ಸ್ವತ್ತಲ್ಲದ, ಸಾರ್ವಜನಿಕರ ಬಳಕೆಗೆ ತೆರೆದಿರುವ ಜಾಗಗಳು ಪುರಸಭೆಗೆ ಸೇರಿರಲಿ, ಸೇರದಿರಲಿ, ಅವುಗಳನ್ನು ಶುಚಿಗೊಳಿಸುವುದನ್ನೂ ಸಾರ್ವಜನಿಕ ಉಪದ್ರವಗಳನ್ನು ನಿವಾರಿಸುವುದನ್ನೂ ಅದರಲ್ಲಿ ಸೇರಿಸುತ್ತದೆ. ಬೇಲಿ ಹಾಕಿ, ಗೇಟಿನಲ್ಲಿ ಪ್ರವೇಶ ಶುಲ್ಕ ವಸೂಲು ಮಾಡುವ ದೊಡ್ಡ ಮೀನುಗಾರಿಕಾ ಬಂದರಿನ ಒಳಭಾಗದ ಬಗ್ಗೆ ಬೇರೆ ವಾದ ಹೂಡಬಹುದು. ಶುಲ್ಕ ಪಡೆಯುವವರು ಅಲ್ಲಿ ಮೊದಲ ಹೊಣೆಗಾರರು ಎನ್ನುವುದು ನ್ಯಾಯವೇ. ಆದರೆ ಊರಿನವರೆಲ್ಲ ಓಡಾಡುವ, ಬೆಳಗಿನ ಹರಾಜಿಗೆ ಬುಟ್ಟಿ ಹಿಡಿದು ಯಾರೂ ಹೋಗಬಹುದಾದ ಸಣ್ಣ ಧಕ್ಕೆ ತೆರೆದ ಜಾಗವೇ. ದೂರು ಬರೆಯುವಾಗ ಆ ಪ್ರಕರಣದ ಸಂಖ್ಯೆಯನ್ನು ಪತ್ರದ ಮೊದಲ ಸಾಲಿನಲ್ಲಿಯೇ ಕಾಣಿಸಿ. ಆರೋಗ್ಯ ನಿರೀಕ್ಷಕರ ಮೇಜಿನಿಂದ ಅದು ಮೇಲಕ್ಕೆ ಹೋಗುವ ಸಾಧ್ಯತೆ ಆಗ ಹೆಚ್ಚು.

ಚರಂಡಿಯ ನೀರು ಮಾತ್ರ ಗುಡಿಸುವುದರಿಂದ ಬಗೆಹರಿಯುವ ವಿಷಯವಲ್ಲ. ಮೀನಿನ ರಕ್ತ ಮತ್ತು ಹುರುಪೆ ಬೆರೆತ ನೀರನ್ನು ಸಂಸ್ಕರಿಸದೆ ಹೊಳೆಗೆ ಬಿಡುವುದು 1974ರ ಜಲ ಮಾಲಿನ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅದರ ಬಗ್ಗೆ ಪ್ರತ್ಯೇಕ ದೂರು ಕೊಡಬಹುದು. ಲಾರಿಗಳ ವಿಷಯದಲ್ಲಿ, ಕರಗಿದ ನೀರನ್ನು ಹಿಡಿದಿಡುವ ತೊಟ್ಟಿ ಇಲ್ಲದ ವಾಹನಕ್ಕೆ ಧಕ್ಕೆಯಲ್ಲಿ ಮೀನು ತುಂಬಲು ಬಿಡದಿದ್ದರೆ ಕೆಲಸ ಅರ್ಧ ಮುಗಿದಂತೆ. ಹೆದ್ದಾರಿಯಲ್ಲಿ ಹಿಡಿದು ದಂಡ ಹಾಕುವ ಅಭಿಯಾನಗಳು ಕೆಲವು ದಿನ ನಡೆದು ತಣ್ಣಗಾಗುವುದನ್ನು ಕರಾವಳಿಯವರು ನೋಡುತ್ತಲೇ ಬಂದಿದ್ದಾರೆ.

ಮಳೆಗಾಲದ ರಾಶಿಯನ್ನು ಕಸವೆಂದಷ್ಟೇ ನೋಡಬಾರದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧದ ಅವಧಿಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ನಡುವೆ ಡೀಸೆಲ್, ಒಣ ಬಲೆ, ಫೈಬರ್, ಬಣ್ಣ. ನಿಷೇಧದ ಕಾಲವಲ್ಲದಿದ್ದರೂ, 2023ರ ನವೆಂಬರಿನಲ್ಲಿ ದೀಪಾವಳಿಯ ಹೊತ್ತಿಗೆ ಗಂಗೊಳ್ಳಿಯಲ್ಲಿ ದಡಕ್ಕೆ ಎಳೆದು ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಆಹುತಿಯಾದದ್ದು ನಿಮಗೆ ನೆನಪಿರಬಹುದು. ಒಂದಕ್ಕೆ ಹೊತ್ತಿಕೊಂಡ ಬೆಂಕಿ ಪಕ್ಕದ್ದಕ್ಕೆ ಹಾರಲು ಅಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇ ತಿಂಗಳು ಮುಗಿಯುವ ಮೊದಲೇ ಪುರಸಭೆ, ಅಗ್ನಿಶಾಮಕ ಠಾಣೆ ಮತ್ತು ಬೋಟ್ ಮಾಲೀಕರ ಸಂಘ ಒಟ್ಟಿಗೆ ಕುಳಿತು, ಅಗ್ನಿಶಾಮಕ ವಾಹನ ನೀರಿನಂಚಿನವರೆಗೆ ಹೋಗುವಷ್ಟು ದಾರಿಯನ್ನು ಖಾಲಿ ಬಿಡಿಸುವ ಬಗ್ಗೆ ನಿರ್ಣಯಿಸಬೇಕೆಂದು ನಿಮ್ಮ ಪತ್ರದಲ್ಲಿ ಕೇಳಿ. ಕಸದ ದೂರಿಗಿಂತ ಇದು ಹೆಚ್ಚು ತುರ್ತಿನದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪುರಸಭೆಯ ಸಾಮಾನ್ಯ ಸಭೆಗೆ ಹೋಗಿ ಧಕ್ಕೆಯ ವಿಷಯವನ್ನು ನಾನೇ ಮಾತನಾಡಬಹುದೇ? ಸದಸ್ಯರಿಗೆ ಹೇಳಿದರೆ "ನೋಡೋಣ" ಎನ್ನುತ್ತಾರೆ.
– ನಿವೃತ್ತ ಶಿಕ್ಷಕರು, ದಕ್ಷಿಣ ಕನ್ನಡ ಜಿಲ್ಲೆ

ಉತ್ತರ: ಕುಳಿತು ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಮಾತನಾಡುವ ಹಕ್ಕು ಸದಸ್ಯರದು. ನಿಮ್ಮ ಮಾತು ಸಭೆಗೆ ಹೋಗಬೇಕಾದ ಬಾಗಿಲು ಕಾರ್ಯಸೂಚಿ. ಅದರ ರೂಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು, ಜಮಾ ಖರ್ಚಿನ ಮಂಜೂರಾತಿ, ಟೆಂಡರುಗಳು, ಬಂದಿರುವ ಅರ್ಜಿಗಳು, ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಪಡೆದು ಚರ್ಚಿಸಬಹುದಾದ ಇತರೆ ವಿಷಯಗಳು". ಧಕ್ಕೆಯಂಥ ಯಾರದೂ ಅಲ್ಲದ ವಿಷಯವನ್ನು ಈ ಕೊನೆಯ ಸಾಲಿಗೆ ತಳ್ಳುವುದು ರೂಢಿ. ಅಷ್ಟು ಹೊತ್ತಿಗೆ ಅರ್ಧ ಸದಸ್ಯರು ಎದ್ದಿರುತ್ತಾರೆ. ಅದಕ್ಕಾಗಿ ನಿಮ್ಮ ವಾರ್ಡಿನ ಸದಸ್ಯರ ಸಹಿಯೊಂದಿಗೆ, ಸಭೆಯ ತಿಳಿವಳಿಕೆ ಪತ್ರ ಹೊರಡುವ ಮೊದಲೇ, ವಿಷಯವನ್ನು ಮುಖ್ಯಾಧಿಕಾರಿಗೆ (ನಗರಸಭೆಯಾದರೆ ಪೌರಾಯುಕ್ತರಿಗೆ) ಲಿಖಿತವಾಗಿ ತಲುಪಿಸಿ, ಅದಕ್ಕೆ ಪ್ರತ್ಯೇಕ ವಿಷಯ ಸಂಖ್ಯೆ ಕೊಡುವಂತೆ ಕೇಳಿ.

ಪುರಸಭೆಯ ನಿರ್ಣಯ ರಾಜ್ಯದ ಇಲಾಖೆಗೆ ಆಜ್ಞೆಯಾಗುವುದಿಲ್ಲ, ಅದು ಶಿಫಾರಸು ಮಾತ್ರ. ಆದರೂ ಅದು ಜಿಲ್ಲಾಧಿಕಾರಿಗಳ ಮೂಲಕ ಹೋದರೆ ಕಡತವಾಗುತ್ತದೆ, ಕಡತಕ್ಕೆ ಉತ್ತರ ಬೇಕಾಗುತ್ತದೆ. ಇನ್ನೊಂದು ಮಾತು: ಕ್ಷೇತ್ರದ ಶಾಸಕರೂ ಸಂಸದರೂ ಪುರಸಭೆಯ ಸದಸ್ಯರೇ ಆಗಿರುತ್ತಾರೆ. ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯವಾದ್ದರಿಂದ, ಪುರಸಭೆಯಲ್ಲಿ ಕೇಳಿದ ಪ್ರಶ್ನೆಯನ್ನೇ ವಿಧಾನಸಭೆಯಲ್ಲಿಯೂ ಕೇಳಬಲ್ಲವರು ಆ ಸಭಾಂಗಣದಲ್ಲಿ ಶಾಸಕರೊಬ್ಬರೇ. ಅವರು ಸಾಮಾನ್ಯ ಸಭೆಗೆ ಬರುವುದು ಅಪರೂಪ ಎಂಬುದು ನಿಜ, ಬಂದ ದಿನವನ್ನು ಬಿಟ್ಟುಕೊಡಬೇಡಿ.

ಚುನಾಯಿತ ಅಧ್ಯಕ್ಷರಿಲ್ಲದ ಅವಧಿಯಲ್ಲಿ ಈ ದಾರಿ ಮುಚ್ಚಿರುತ್ತದೆ. 2018ರಲ್ಲಿ ಚುನಾವಣೆ ನಡೆದ ಹಲವು ಪಟ್ಟಣಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರವರೆಗೆ ಆಡಳಿತಾಧಿಕಾರಿಗಳೇ ಕಾರ್ಯನಿರ್ವಹಿಸಿದರು. ಅಂಥ ಸಮಯದಲ್ಲಿ ಮನವಿಯನ್ನು ನೇರವಾಗಿ ಆಡಳಿತಾಧಿಕಾರಿಗೇ ಕೊಡಬೇಕು.

ಪ್ರಶ್ನೆ: ಧಕ್ಕೆಯ ಎದುರಿನ ರಸ್ತೆಬದಿಯಲ್ಲಿ ನನ್ನ ಅತ್ತೆಯ ಕಾಲದಿಂದಲೂ ನಾವು ಹೆಂಗಸರು ಮೀನು ಮಾರುತ್ತಿದ್ದೇವೆ. ಈಗ ವಾಹನಗಳಿಗೆ ತೊಂದರೆಯೆಂದು ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿ ಎನ್ನುತ್ತಿದ್ದಾರೆ. ಅಲ್ಲಿ ಗಿರಾಕಿಗಳೇ ಬರುವುದಿಲ್ಲ.
– ಓದುಗರು, ಉತ್ತರ ಕನ್ನಡ ಜಿಲ್ಲೆ

ಉತ್ತರ: ಅಮ್ಮಾ, ಬರೀ ಬಾಯಿಮಾತಿನ ಆದೇಶಕ್ಕೆ ನೀವು ಏಳಬೇಕಾಗಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಸ್ಥಳಾಂತರಿಸುವ ಮೊದಲು 30 ದಿನಗಳ ನೋಟಿಸು ಕೊಡಬೇಕು. 50 ವರ್ಷಗಳಿಗಿಂತ ಹೆಚ್ಚು ಕಾಲದಿಂದ ವ್ಯಾಪಾರ ನಡೆದುಬಂದಿರುವ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಬಾರದು ಎಂದೂ ಅದರಲ್ಲಿದೆ. ಅತ್ತೆಯ ಕಾಲದ್ದೆಂದು ನೀವು ಹೇಳುವುದನ್ನು ಸಾಬೀತುಪಡಿಸಲು ಪುರಸಭೆ ಹಿಂದೆ ಹರಿದುಕೊಟ್ಟ ಸಂತೆ ಸುಂಕದ ಚೀಟಿ, ಮೀನುಗಾರ ಮಹಿಳೆಯರ ಸಹಕಾರಿ ಸಂಘದ ಸಾಲದ ಪುಸ್ತಕ, ಹಳೆಯ ಛಾಯಾಚಿತ್ರ ಯಾವುದಾದರೂ ನೆರವಾಗುತ್ತದೆ. ಇದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಮೀನು ಮಾರುವವರು ಒಬ್ಬರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇಲ್ಲದವರು ವ್ಯಾಪಾರಿಗಳ ಸಮೀಕ್ಷೆಗಾಗಿ ಇಂದೇ ಅರ್ಜಿ ಕೊಡಿ, ನೋಟಿಸು ಬಂದ ಮೇಲೆ ಓಡಾಡುವುದು ಕಷ್ಟ.

ಪ್ರಶ್ನೆ: ಬಳಕೆ ಕಡಿಮೆಯಾಗಿರುವ ಹಳೆಯ ಧಕ್ಕೆಯನ್ನು ಪ್ರವಾಸಿ ದೋಣಿಗಳಿಗೆ ಗುತ್ತಿಗೆ ಕೊಡಲು ಪುರಸಭೆ ನಿರ್ಣಯ ಮಾಡಿದೆಯಂತೆ. ಸಂಜೆ ಗಾಳ ಹಾಕುವ ನಾವು, ಪಾತಿ ದೋಣಿ (ಚಿಕ್ಕ ನಾಡದೋಣಿ) ತಂದು ಕಟ್ಟುವವರು ಎಲ್ಲಿಗೆ ಹೋಗಬೇಕು?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ಮೊದಲು ಜಾಗದ ಪಹಣಿ ತೆಗೆಸಿ ಮಾಲೀಕರ ಹೆಸರಿರುವ 9ನೇ ಕಲಂ ನೋಡಿ. ಅಲ್ಲಿ ಪುರಸಭೆಯ ಹೆಸರಿಲ್ಲದಿದ್ದರೆ ಗುತ್ತಿಗೆ ಕೊಡುವ ಅಧಿಕಾರದ ಪ್ರಶ್ನೆಯನ್ನೇ ಎತ್ತಬಹುದು. ಪುರಸಭೆಯದೇ ಆಗಿದ್ದರೂ ಹೊಸ ಕಟ್ಟಡ, ತೇಲುವ ಜೆಟ್ಟಿ ಮುಂತಾದವಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಉಬ್ಬರದ ನೀರು ಬರುವ ಹೊಳೆದಂಡೆಯೂ ಆ ವಲಯದೊಳಗೇ ಸೇರುತ್ತದೆ. ನಿರ್ಣಯದ ದೃಢೀಕೃತ ಪ್ರತಿಯನ್ನು ಪಡೆದು, ಪುರಸಭೆಗಳ ಕಾಯ್ದೆಯ 306ನೇ ಪ್ರಕರಣದಡಿ ಅದರ ಜಾರಿಯನ್ನು ತಡೆಹಿಡಿಯುವಂತೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಗಾಳ ಹಾಕುವವರ ಬೇಸರಕ್ಕಿಂತ ಪಾತಿ ದೋಣಿಯವರ ಹೊಟ್ಟೆಪಾಡನ್ನು ಮುಂದಿಡಿ, ದೋಣಿಗಳ ನೋಂದಣಿ ಸಂಖ್ಯೆಗಳನ್ನು ಲಗತ್ತಿಸಿ. ಹವ್ಯಾಸಿಗಳಿಗಾಗಿ ಒಂದು ಬದಿಯನ್ನು ಬಿಟ್ಟುಕೊಡುವ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿ ಸೇರಿಸುವಂತೆ ಬೇರೆಯಾಗಿಯೇ ಕೇಳುವುದು ಒಳ್ಳೆಯದು. ಟೆಂಡರು ಪ್ರಕಟವಾಗುವ ಮೊದಲು ಕೇಳಿದರೆ ಅದಕ್ಕೆ ಬೆಲೆಯಿದೆ, ಕರಾರಿಗೆ ಸಹಿ ಬಿದ್ದ ಮೇಲೆ ಗುತ್ತಿಗೆದಾರರು ಒಪ್ಪದೆ ಅದನ್ನು ಸೇರಿಸಲು ಬರುವುದಿಲ್ಲ.